ಬಂದ್‌ಗೂ ಓಪನ್‌ಗೂ ನಡುವೆ

ಅಂಕೋಲೆಯ ಭಾವ ಮಳೆಗಾಲದಲ್ಲಿ ಫೋನ್ ಮಾಡಿದರೆ ಮೊದಲು ಬರುವುದು ರಸ್ತೆಯ ಸುದ್ದಿ. ಅಡಿಕೆಗೆ ಕೊಳೆ ಬಂದದ್ದು, ಮಗಳ ಕಾಲೇಜು, ಎಲ್ಲ ಆಮೇಲೆ. ‘ಹೈವೇ ಓಪನ್ ಆತು ಭಾವ’ ಎನ್ನುತ್ತಾನೆ. ಯಾರು ನೋಡಿ ಓಪನ್ ಮಾಡಿದರು ಎಂದು ಕೇಳಿದರೆ, ‘ಎಂತ ನೋಡೂದು? ನೀರು ಇಳೀತು, ಜೆಸಿಬಿ ಬಂದು ಮಣ್ಣು ತೆಗೀತು, ಗಾಡಿ ಬಿಟ್ರು.’

ಕೆನಡಾದ ಸರ್ರೆಯಲ್ಲಿ ಹೀಟರ್ ಪಕ್ಕ ಕೂತು ಈ ಉತ್ತರಕ್ಕೆ ನಗುವುದು ಸುಲಭ. ಆದರೆ 2021ರ ನವೆಂಬರ್ ತನಕ ನಾನೂ ಹಾಗೇ ತಿಳಿದಿದ್ದೆ, ನೀರು ಇಳಿದರೆ ರಸ್ತೆ ಸರಿಯಾಯಿತು ಎಂದು.

ಆ ತಿಂಗಳ 14, 15ರಂದು ಬ್ರಿಟಿಷ್ ಕೊಲಂಬಿಯಾದಲ್ಲಿ ಒಂದೇ ಸಮನೆ ಮಳೆ ಹೊಯ್ಯಿತು. ಹೋಪ್ ಎಂಬ ಊರಲ್ಲಿ ಎರಡು ದಿನಕ್ಕೆ 200 ಮಿ.ಮೀ. ದಾಟಿತು. ಆಗುಂಬೆಯವರು ಕೇಳಿದರೆ ‘ಇದಕ್ಕೆಲ್ಲ ಪೇಪರಲ್ಲಿ ಬರುತ್ತದಾ’ ಅಂದಾರು. ಆದರೆ ಅಷ್ಟಕ್ಕೇ ವ್ಯಾಂಕೂವರ್ ಕಡೆಯಿಂದ ಒಳನಾಡಿಗೆ ಹೋಗುವ ಹೆದ್ದಾರಿಗಳೆಲ್ಲ ಒಟ್ಟಿಗೇ ಕತ್ತರಿಸಿಹೋದವು. ಕೊಕಿಹಾಲಾ ಎಂಬ ಘಟ್ಟದ ಹೆದ್ದಾರಿಯೊಂದರಲ್ಲೇ ಸುಮಾರು 130 ಕಿ.ಮೀ. ಉದ್ದಕ್ಕೂ ಇಪ್ಪತ್ತಕ್ಕೂ ಹೆಚ್ಚು ಕಡೆ ಹಾನಿ, ಏಳು ಸೇತುವೆಗಳು ಮುರಿದೋ ಕುಸಿದೋ ಬಿದ್ದಿದ್ದವು. ಪೆಟ್ರೋಲ್ ಬಂಕಿನಲ್ಲಿ ಒಂದು ಸಲಕ್ಕೆ 30 ಲೀಟರ್ ಮಾತ್ರ ಎಂದು ಸರ್ಕಾರ ಮಿತಿ ಹಾಕಿತು.

ನನ್ನ ಕೆಲಸ ಆಗ ಅಬಟ್ಸ್‌ಫರ್ಡ್‌ನಲ್ಲಿ. ಸೂಮಸ್ ಬಯಲೆಲ್ಲ ನೀರು ತುಂಬಿ ಒಂದನೇ ನಂಬರಿನ ಹೆದ್ದಾರಿ ಮುಳುಗಿತ್ತು. ನೂರು ವರ್ಷದ ಹಿಂದೆ ಅದು ಕೆರೆಯೇ ಆಗಿತ್ತಂತೆ, 1920ರ ದಶಕದಲ್ಲಿ ಬತ್ತಿಸಿ ಹೊಲ ಮಾಡಿದ್ದರು. ಕೆರೆ ತನ್ನ ಜಾಗ ನೋಡಲು ವಾಪಸು ಬಂದಿತ್ತು, ಅಷ್ಟೆ. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲು ನಾವೆಲ್ಲ ನೋಡುತ್ತಿದ್ದುದು ಡ್ರೈವ್‌ಬಿಸಿ ಎಂಬ ಸರ್ಕಾರಿ ಪುಟ. ಯಾವ ರಸ್ತೆ ಎಲ್ಲಿಂದ ಎಲ್ಲಿಯವರೆಗೆ ಬಂದ್, ಯಾಕೆ ಬಂದ್, ಮುಂದಿನ ಸುದ್ದಿ ಎಷ್ಟು ಗಂಟೆಗೆ, ಎಲ್ಲ ಅದರಲ್ಲಿ. ಮತ್ತೊಂದು ಸಾಲೂ ಇರುತ್ತಿತ್ತು: ‘ಅಸೆಸ್‌ಮೆಂಟ್ ಇನ್ ಪ್ರೋಗ್ರೆಸ್’. ತಪಾಸಣೆ ನಡೆಯುತ್ತಿದೆ. ಮೊದಲ ದಿನ ಅದನ್ನು ಓದಿ, ಇದೇನು ಸಬೂಬು ಎಂದು ಬೈದುಕೊಂಡಿದ್ದೆ.

ಸಬೂಬಲ್ಲ ಎಂದು ಗೊತ್ತಾಗಲು ಒಂದು ಸೇತುವೆಯ ಮೇಲೆ ನಿಲ್ಲಬೇಕಾಯಿತು. ನೀರು ಇಳಿದಿತ್ತು. ಹಳದಿ ಜಾಕೆಟ್ಟಿನ ಹೆಂಗಸೊಬ್ಬಳು ಕಟಾಂಜನದಿಂದ ಬಗ್ಗಿ, ತುದಿಗೆ ಸೀಸದ ಗುಂಡು ಕಟ್ಟಿದ ದಾರವನ್ನು ಕಂಬದ ಬುಡಕ್ಕೆ ಇಳಿಸುತ್ತಿದ್ದಳು. ಎತ್ತುವುದು, ಅಳತೆ ಬರೆದುಕೊಳ್ಳುವುದು, ಒಂದು ಹೆಜ್ಜೆ ಸರಿದು ಮತ್ತೆ ಇಳಿಸುವುದು. ಕೇಳಿದೆ. ನೆರೆ ಏರಿದಾಗ ನೀರು ಕಂಬದ ಬುಡಕ್ಕೆ ಸುತ್ತಿಕೊಂಡು ಗುಂಡಿ ತೋಡುತ್ತದಂತೆ. ಇಳಿಯುವಾಗ ಅದೇ ನೀರು ಸಡಿಲ ಮರಳು, ಕೆಸರು ತಂದು ಗುಂಡಿಯನ್ನು ಮುಚ್ಚುತ್ತದೆ. ಮೇಲಿಂದ ನೋಡಿದರೆ ಏನೂ ಆಗಿಲ್ಲ. ಕಂಬ ಮಾತ್ರ ಕೆಸರಲ್ಲಿ ನಿಂತಿರುತ್ತದೆ. ಏರಿಯ ಮೇಲಿನ ರಸ್ತೆಯದೂ ಇದೇ ಕಥೆ: ಹೊರಗಿನ ನೀರು ಸರಕ್ಕನೆ ಇಳಿಯುತ್ತದೆ, ಮಣ್ಣು ಕುಡಿದ ನೀರು ಒಳಗೇ ಇರುತ್ತದೆ, ಆನಿಕೊಳ್ಳಲು ಏನೂ ಇಲ್ಲದೆ ಏರಿ ಜರಿಯುತ್ತದೆ. ಭಾವ ‘ನೀರು ಇಳೀತು’ ಎನ್ನುವ ಹೊತ್ತೇ ನಿಜವಾಗಿ ಹೆದರಬೇಕಾದ ಹೊತ್ತು.

ಕೊಕಿಹಾಲಾವನ್ನು 35 ದಿನಕ್ಕೆ ತೆರೆದರು. ಆದರೆ ಡಿಸೆಂಬರ್ 20ಕ್ಕೆ ತೆರೆದದ್ದು ಸರಕಿನ ಲಾರಿಗಳಿಗೆ, ಬಸ್ಸಿನಂಥ ವಾಣಿಜ್ಯ ವಾಹನಗಳಿಗೆ ಮಾತ್ರ, ಅದೂ ಕಡಿಮೆ ವೇಗದಲ್ಲಿ. ನನ್ನಂಥವರ ಕಾರಿಗೆ ಜನವರಿ 19ರವರೆಗೆ ಪ್ರವೇಶವಿರಲಿಲ್ಲ. ತಾತ್ಕಾಲಿಕ ರಿಪೇರಿ ಎಂದು ಬಾಯಿಬಿಟ್ಟೇ ಹೇಳಿದರು. ಪಕ್ಕಾ ಸೇತುವೆಗಳು ಮುಗಿಯಲು ಆಮೇಲೆ ವರ್ಷಗಳೇ ಹಿಡಿದವು.

ಇಲ್ಲಿಯವರು ದೇವರಲ್ಲ. ಅದೇ ಮಳೆಗೆ ಡಫಿ ಲೇಕ್ ರಸ್ತೆಯಲ್ಲಿ ಗುಡ್ಡ ಜರಿದು, ಸಾಲುಗಟ್ಟಿ ನಿಂತಿದ್ದ ಕಾರುಗಳ ಮೇಲೆ ಬಿದ್ದು ಜನ ಸತ್ತರು. ರಸ್ತೆಯನ್ನು ಮೊದಲೇ ಯಾಕೆ ಮುಚ್ಚಲಿಲ್ಲ ಎಂಬ ಪ್ರಶ್ನೆಗೆ ಯಾವ ಪುಟದಲ್ಲೂ ಉತ್ತರ ಇರಲಿಲ್ಲ. ಅಂಕೋಲೆ ಹತ್ತಿರದ ಶಿರೂರಿನಲ್ಲಿ 2024ರ ಜುಲೈ 16ರ ಬೆಳಿಗ್ಗೆ ಹೆದ್ದಾರಿ 66ರ ಪಕ್ಕದ ಗುಡ್ಡ ಚಹಾದಂಗಡಿಯನ್ನೂ ಲಾರಿಯನ್ನೂ ಹೊತ್ತು ಗಂಗಾವಳಿ ಹೊಳೆಗೆ ಇಳಿದ ಸುದ್ದಿ ಓದುವಾಗ ನನಗೆ ಮೊದಲು ನೆನಪಾದದ್ದು ಆ ಕಾರುಗಳೇ. ಮೂರು ವಾರ ಕಳೆದು, ಆಗಸ್ಟ್ 7ರ ಮಧ್ಯರಾತ್ರಿ, ಕಾರವಾರದಲ್ಲಿ ಕಾಳಿ ಹೊಳೆಯ ಹಳೇ ಸೇತುವೆ ಲಾರಿ ಸಮೇತ ಬಿತ್ತು. ಚಾಲಕ ಬದುಕಿದ್ದು ಪುಣ್ಯ.

ಹಂತಹಂತವಾಗಿ ತೆರೆಯುವುದು ನಮಗೆ ಗೊತ್ತಿಲ್ಲವೆಂದಲ್ಲ. 2019ರ ಕುಸಿತದ ಮೇಲೆ ಚಾರ್ಮಾಡಿಯಲ್ಲಿ ಮೊದಲು ಬಿಟ್ಟದ್ದು ಲಘು ವಾಹನಗಳನ್ನೇ. ಡಿ.ಸಿ. ಆದೇಶ ಬರುತ್ತದೆ, ವಾಟ್ಸಾಪಿನಲ್ಲಿ ಹರಿದಾಡುತ್ತದೆ. ಅದರಲ್ಲಿ ದಿನಾಂಕ ಇರುತ್ತದೆ, ಸಹಿ ಇರುತ್ತದೆ. ಯಾರು ಧರೆ ಹತ್ತಿ ನೋಡಿದರು, ಯಾವ ಮೋರಿ ಇಣುಕಿದರು ಎಂಬುದು ಜನರ ಕೈಗೆ ಬರುವ ಆ ಹಾಳೆಯಲ್ಲಿ ಇರುವುದಿಲ್ಲ. ಬಂದ್ ಎಂಬ ಪದ ಇದೆ, ಓಪನ್ ಎಂಬ ಪದ ಇದೆ; ನಡುವಿನ ಕೆಲಸಕ್ಕೆ ಜನರ ಬಾಯಲ್ಲಿ ಒಂದು ಪದವೂ ಇಲ್ಲ.

ಹಿಂದೆ ಇತ್ತು ಅನಿಸುತ್ತದೆ. ನಾನು ಹೈಸ್ಕೂಲಿಗೆ ಹೋಗುವಾಗ ಹಳ್ಳದ ಸೇತುವೆ ಮುಳುಗಿದರೆ ಬಸ್ಸು ಈಚೆ ನಿಲ್ಲುತ್ತಿತ್ತು. ಕಂಡಕ್ಟರು ಪ್ಯಾಂಟು ಮಡಚಿ, ಬಿದಿರ ಕೋಲು ಹಿಡಿದು, ಕುಕ್ಕುತ್ತ ಕುಕ್ಕುತ್ತ ಆಚೆ ದಡದವರೆಗೆ ಹೋಗಿ ಸೀಟಿ ಊದಬೇಕು. ಆಮೇಲೇ ಡ್ರೈವರು ಗೇರು ಹಾಕುವುದು. ಎರಡು ಸಲ ಅವರು ನಡುವಿನಿಂದಲೇ ತಿರುಗಿ ಬಂದದ್ದು ನೆನಪಿದೆ; ಯಾರೂ ತಕರಾರು ತೆಗೆಯಲಿಲ್ಲ. ಆ ಕೋಲಿಗೆ ಕಂಬದ ಬುಡದ ಗುಂಡಿ ಸಿಗುತ್ತಿರಲಿಲ್ಲ, ಒಪ್ಪಿದೆ. ಆದರೆ ಯಾರು ನೋಡಿದರು, ಎಲ್ಲಿಯವರೆಗೆ ನೋಡಿದರು ಎಂಬುದನ್ನು ಇಡೀ ಬಸ್ಸು ಕಿಟಕಿಯಿಂದ ಕಂಡಿರುತ್ತಿತ್ತು.

ಕಳೆದ ಮಳೆಗಾಲ ಭಾವ ಮತ್ತೆ ಫೋನ್ ಮಾಡಿದ. ‘ಒಂದು ಸೈಡ್ ಬಿಟ್ಟಿದ್ರು. ನೀ ಹೇಗೂ ಕೇಳ್ತೆ ಅಂತ ಈ ಸಲ ನಾನೇ ಗಾಡಿ ನಿಲ್ಸಿ ಕೇಳ್ದೆ, ಮೇಲಿನ ಧರೆ ಯಾರಾದ್ರೂ ನೋಡಿದ್ರಾ ಅಂತ.’

‘ಏನಂದ್ರು?’

‘ಹಿಂದೆ ಗಾಡಿ ಸಾಲು ನಿಂತದೆ, ಬೇಗ ಮುಂದೆ ತೆಗೀರಿ ಅಂದ್ರು.’