ರೀಡ್‌ಮಿಯ ಕಾಮಾ ಬಿಡಿ, ಬಟನ್ ಮೇಲೆ ‘ಲಕ್ಷ್ಮೇಶ್ವರ’ ಅಂತ ಬರೆದು ನೋಡಿ

ವಿದ್ಯಾನಗರದ ಕಡೆ ಕಾಲೇಜು ಹುಡುಗರು ಸಿಕ್ಕರೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. “ಸರ, ಓಪನ್ ಸೋರ್ಸ್‌ಗೆ ಕಾಂಟ್ರಿಬ್ಯೂಟ್ ಮಾಡಬೇಕ್ರಿ, ಎಲ್ಲಿಂದ ಶುರು ಮಾಡ್ಲಿ?” ಆಮೇಲೆ ಗೊತ್ತಾಗುವುದೇನೆಂದರೆ, ಅವರು ಆಗಲೇ ಶುರು ಮಾಡಿರುತ್ತಾರೆ. ಯಾರು ಬೇಕಾದರೂ ಕೋಡ್ ನೋಡಿ ತಿದ್ದುಪಡಿ ಸೂಚಿಸಬಹುದಾದ ಯಾವುದೋ ದೊಡ್ಡ ರೆಪೊದ (ಕೋಡ್ ಇಡುವ ಕಣಜ) ರೀಡ್‌ಮಿ, ಅಂದರೆ ಪರಿಚಯದ ಫೈಲಿನಲ್ಲಿ ಒಂದು ಕಾಮಾ ಸೇರಿಸಿ ಪಿಆರ್ (ಪುಲ್ ರಿಕ್ವೆಸ್ಟ್, ಈ ತಿದ್ದುಪಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ) ಹಾಕಿರುತ್ತಾರೆ. ಅದು ಮರ್ಜ್ ಆಗಿರುವುದಿಲ್ಲ, ಅಂದರೆ ಅವರು ಸೇರಿಸಿಕೊಂಡಿರುವುದಿಲ್ಲ. ಮುಖ ಸಪ್ಪಗೆ.

ಹುಡುಗರನ್ನು ಬೈಯಲು ಮನಸ್ಸಿಲ್ಲ. ರೆಸ್ಯೂಮೆಗೆ ಒಂದು ಸಾಲು ಬೇಕು, ಪ್ಲೇಸ್‌ಮೆಂಟ್ ಹತ್ತಿರ ಬಂದಿದೆ. ಆದರೆ ಆ ಕಡೆ ಕೂತು ರೆಪೊ ನೋಡಿಕೊಳ್ಳುವ ಮೇಂಟೇನರ್ ಸ್ಥಿತಿಯನ್ನೂ ನೋಡಬೇಕಲ್ವಾ? ಪಿಆರ್ ಹಾಕಿದವರಿಗೆ ಟೀ ಶರ್ಟ್ ಕೊಡುತ್ತಿದ್ದ ಓಪನ್ ಸೋರ್ಸ್ ಹಬ್ಬ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ, 2020ರಲ್ಲಿ, ಆ ಟೀ ಶರ್ಟ್ ಆಸೆಗೆ ಇಂಥ ಪಿಆರ್‌ಗಳು ಎಷ್ಟು ಬಂದು ಬಿದ್ದವೆಂದರೆ, ಅದು ನಡೆಯುತ್ತಿರುವಾಗಲೇ ನಿಯಮ ಬದಲಾಯಿತು. ತಾವಾಗಿ ಒಪ್ಪಿಕೊಂಡ ರೆಪೊಗಳು ಮಾತ್ರ ಲೆಕ್ಕಕ್ಕೆ ಅಂತ ಮಾಡಿದರು.

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ನೀವು ದಿನಾ ಬಳಸುವ ಯುಐ ಕಾಂಪೊನೆಂಟ್ ಲೈಬ್ರರಿಯನ್ನೇ ಹಿಡಿದುಕೊಳ್ಳಿ. ಬಟನ್, ಟ್ಯಾಗ್, ಡ್ರಾಪ್‌ಡೌನ್, ಡೇಟ್ ಪಿಕರ್ ಎಲ್ಲ ರೆಡಿಮೇಡ್ ಕೊಡುತ್ತದಲ್ಲ, ಅದೇ. ಅದರ ಡೆಮೊ ತೆರೆದು ಎಲ್ಲ ಕಡೆ ಕನ್ನಡ ತುಂಬಿ. ‘ಸಬ್‌ಮಿಟ್’ ಇದ್ದಲ್ಲಿ ‘ಹುಬ್ಬಳ್ಳಿ’ ಹಾಕಿ, ‘ಲಕ್ಷ್ಮೇಶ್ವರ’ ಹಾಕಿ. ಹತ್ತು ನಿಮಿಷದಲ್ಲಿ ಏನಾದರೊಂದು ಮುರಿದಿದ್ದು ಕಾಣದಿದ್ದರೆ ಗಿರ್ಮಿಟ್ ನನ್ನ ಲೆಕ್ಕದಲ್ಲಿ.

ಮೊದಲು ಕಣ್ಣಿಗೆ ಬೀಳುವುದು ಒತ್ತಕ್ಷರದ ಕಾಲು ಕತ್ತರಿಸಿ ಹೋಗಿರುವುದು. ಕಾರಣ ಸರಳ. ಉದ್ದದ ಪಠ್ಯಕ್ಕೆ ಕೊನೆಯಲ್ಲಿ ಮೂರು ಚುಕ್ಕಿ ಬರಬೇಕೆಂದರೆ ಸಿಎಸ್‌ಎಸ್‌ನಲ್ಲಿ (ಪುಟ ಹೇಗೆ ಕಾಣಬೇಕೆಂದು ಹೇಳುವ ಭಾಷೆ) ಓವರ್‌ಫ್ಲೋ ಹಿಡನ್, ಅಂದರೆ ಹೊರಗೆ ಚಾಚಿದ್ದನ್ನು ಮುಚ್ಚು ಅಂತ ಹಾಕಬೇಕು. ಅದು ಪಕ್ಕಕ್ಕೆ ಹೋದದ್ದನ್ನಷ್ಟೇ ಅಲ್ಲ, ಕೆಳಗೆ ಇಳಿದದ್ದನ್ನೂ ಮುಚ್ಚುತ್ತದೆ. ಜೊತೆಗೆ ಲೈನ್ ಹೈಟ್ 1 ಅಂತ, ಅಂದರೆ ಸಾಲಿನ ಎತ್ತರ ಫಾಂಟಿನ ಗಾತ್ರದಷ್ಟೇ ಅಂತ ಇಟ್ಟಿದ್ದರೆ ಮುಗಿಯಿತು. ಇಂಗ್ಲಿಷಿನಲ್ಲಿ ಬಾಲ ಇಳಿಯುವ ಅಕ್ಷರ ಕೆಲವೇ ಇರುವುದರಿಂದ ಬರೆದವರಿಗೆ ಅದು ಕಾಣಲೇ ಇಲ್ಲ. ‘ಕ್ಷ್ಮೇ’ ಅಂತ ಒತ್ತಿಗೆ ಒತ್ತು ಸೇರುವ ಲಿಪಿಯವರು ನಾವು. ನಾವು ಹೇಳದೆ ಇನ್ಯಾರು ಹೇಳುತ್ತಾರೆ?

ಎರಡನೆಯದು ಎಣಿಕೆ. ಹುಬ್ಬಳ್ಳಿ ನಮ್ಮ ಕಣ್ಣಿಗೆ ಮೂರು ಅಕ್ಷರ, ಕಂಪ್ಯೂಟರಿಗೆ 9. ವ್ಯಂಜನ, ಗುಣಿತದ ಗುರುತು, ಒತ್ತು ಕೂಡಿಸುವ ಗುರುತು ಎಲ್ಲವನ್ನೂ ಅದು ಬೇರೆ ಬೇರೆ ಕೋಡ್ ಅಂತ ಎಣಿಸುತ್ತದೆ. ಲಕ್ಷ್ಮೇಶ್ವರ ನಾಲ್ಕು, ಅದಕ್ಕೆ 11. ಊರಿನ ಹೆಸರಿಗೆ 10ರ ಮಿತಿ ಇಟ್ಟ ಫಾರ್ಮ್‌ನಲ್ಲಿ ಗದಗ ಜಿಲ್ಲೆಯ ಆ ಊರಿಗೆ ಜಾಗವೇ ಇಲ್ಲ.

ನನಗೆ ಭಾರಿ ಇಷ್ಟವಾದದ್ದು ಅವತಾರ್ ಕಾಂಪೊನೆಂಟ್. ಫೋಟೊ ಇಲ್ಲದಿದ್ದರೆ ಹೆಸರಿನ ಮೊದಲ ಅಕ್ಷರವನ್ನು ದುಂಡಗಿನ ಚಿತ್ರದಲ್ಲಿ ತೋರಿಸುತ್ತದಲ್ಲ, ಅದು. ಶ್ರೀಶೈಲ ಅಂತ ಹೆಸರು ಕೊಟ್ಟರೆ, ಜಾವಾಸ್ಕ್ರಿಪ್ಟ್‌ನ ಹಳೆಯ ದಾರಿಯಲ್ಲಿ ಬರುವುದು ಬರೀ ‘ಶ’. ಸರಿ, ಹೊಸ ದಾರಿ ಇದೆಯಲ್ಲ, ಪಠ್ಯವನ್ನು ಅಕ್ಷರಗಳ ತುಂಡಾಗಿ ಬಿಡಿಸಿಕೊಡುವ, ಬ್ರೌಸರಿನ ಒಳಗೇ ಇರುವ ಇಂಟ್ಲ್ ಸೆಗ್ಮೆಂಟರ್? 2024ರಲ್ಲಿ ಫೈರ್‌ಫಾಕ್ಸ್‌ಗೂ ಬಂದ ಮೇಲೆ ಈಗ ದೊಡ್ಡ ಬ್ರೌಸರುಗಳಲ್ಲೆಲ್ಲ ಇದೆ. ಅದನ್ನು ಹಾಕಿದರೆ ‘ಶ್ರೀ’ ಬರಬೇಕು ಅಂತ ನೀವು ಅಂದುಕೊಳ್ಳುತ್ತೀರಿ. ಬರುವುದು ‘ಶ್’. ಪಕ್ಕದವರಿಗೆ ಸುಮ್ನಿರ್ರಿ ಅಂದಂಗೆ!

ಇದರ ಬೇರು ಯೂನಿಕೋಡ್, ಅಂದರೆ ಎಲ್ಲ ಲಿಪಿಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಮಾನದಂಡದ ನಿಯಮದಲ್ಲಿದೆ. 2023ರ ಯೂನಿಕೋಡ್ 15.1ರಲ್ಲಿ ಒತ್ತಕ್ಷರವನ್ನು ನಡುವೆ ಒಡೆಯಬಾರದು ಎಂಬ ನಿಯಮ ಸೇರಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಹಾಗಾಗಿ ಲೈಬ್ರರಿಯಲ್ಲಿ ಬೇರೆ ಉಪಾಯ ಮಾಡಬೇಕು. ತುಂಡಿನ ಕೊನೆಯಲ್ಲಿ ಹಲಂತ, ಅಂದರೆ 0ಸಿಸಿಡಿ ಸಂಖ್ಯೆಯ ಗುರುತು ಇದ್ದರೆ ಮುಂದಿನ ತುಂಡನ್ನೂ ಸೇರಿಸಿಕೋ ಅಂತ ನಾಲ್ಕು ಸಾಲು. ಎರಡನೇ ಸೆಮಿಸ್ಟರಿನ ಹುಡುಗಿ ಬರೆಯಬಹುದಾದ ಕೋಡ್. ಆದರೆ ಬೇಕು ಅಂತ ಗೊತ್ತಾಗಲು ಕನ್ನಡ ಓದಲು ಬರಬೇಕು.

ಇಷ್ಟು ಹೇಳಿದ ತಕ್ಷಣ ಯಾರೋ ಅನ್ನುತ್ತಾರೆ, “ಕನ್ನಡದಾಗ ಆ್ಯಪ್ ಯಾರ್ ಮಾಡ್ತಾರೋ ಮಾರಾಯಾ?” ಈ ಮಾತು ತಿರುವುಮುರುವು ಅಂತ ನನಗನಿಸುತ್ತದೆ. ಕ್ಲೈಂಟ್‌ಗೆ ಮೊದಲ ಡೆಮೊ ತೋರಿಸುವಾಗ ಕನ್ನಡದ ಬಟನ್ ಕಾಲು ಮುರಿದುಕೊಂಡು ನಿಂತಿರುತ್ತದೆ, ಇಂಗ್ಲಿಷಿನದು ಚಂದ ಕಾಣುತ್ತದೆ. “ಇಂಗ್ಲಿಷೇ ಇರಲಿ ಬಿಡ್ರಿ” ಅನ್ನದೆ ಅವನಾದರೂ ಏನು ಮಾಡಿಯಾನು? ಒಂದೊಂದು ಆ್ಯಪಿನಲ್ಲಿ ಒಂದೊಂದು ಸಲ ತೇಪೆ ಹಾಕುವ ಬದಲು ಲೈಬ್ರರಿಯಲ್ಲೇ ಸರಿಮಾಡಿದರೆ, ಮುಂದೆ ಅಪ್‌ಡೇಟ್ ಮಾಡಿಕೊಂಡ ಎಲ್ಲ ಆ್ಯಪಿಗೂ ತಾನಾಗಿ ಸಿಗುತ್ತದೆ.

ಮೇಂಟೇನರ್‌ಗಳು ಸುಲಭಕ್ಕೆ ಒಪ್ಪುವುದಿಲ್ಲ, ಅದು ನಿಜ. ಲೈನ್ ಹೈಟ್ ಒಂಚೂರು ಬದಲಾದರೂ ಆ ಲೈಬ್ರರಿ ಬಳಸುವ ಎಲ್ಲರ ಪರದೆ ಅಲುಗಾಡುತ್ತದೆ. ಚಿತ್ರ ಹೋಲಿಸಿ ನೋಡುವ ಟೆಸ್ಟ್‌ಗಳು ಪೂರ್ತಿ ಕೆಂಪಾಗುತ್ತವೆ. ಅದಕ್ಕೇ ನೇರ ಪಿಆರ್ ಬೇಡ, ಮೊದಲು ಇಶ್ಯೂ, ಅಂದರೆ ತೊಂದರೆ ಹೀಗಿದೆ ಅಂತ ರೆಪೊದಲ್ಲಿ ಬರೆಯುವ ದೂರು. ಅದರಲ್ಲಿ ಸ್ಕ್ರೀನ್‌ಶಾಟ್, ಓಡಿಸಿ ನೋಡಬಹುದಾದ ಅತಿ ಸಣ್ಣ ಉದಾಹರಣೆ, ಫಾಂಟ್ ಯಾವುದು ಎಂಬ ವಿವರ. ವಿಂಡೋಸ್‌ನ ನಿರ್ಮಲಾ ಯುಐನಲ್ಲಿ ಕಾಣುವುದು ಒಂದು, ನೋಟೊ ಸಾನ್ಸ್ ಕನ್ನಡದಲ್ಲಿ ಕಾಣುವುದು ಇನ್ನೊಂದು. ಇನ್ನೊಂದು ಕಿವಿಮಾತು: ಒತ್ತು ಕತ್ತರಿಸುವ ತೊಂದರೆ ಕನ್ನಡಕ್ಕಷ್ಟೇ ಅಂತ ಬರೆಯಬೇಡಿ. ತೆಲುಗು, ಬರ್ಮೀಸ್, ಖ್ಮೇರ್ ಲಿಪಿಗಳಲ್ಲೂ ಅಕ್ಷರದ ಕೆಳಗೆ ಅಕ್ಷರ ಬರುತ್ತದೆ. ಅವನ್ನೂ ಸೇರಿಸಿ ಬರೆದರೆ ಕೇಳುವ ಕಿವಿ ಜಾಸ್ತಿ. ಇಷ್ಟಾದರೂ ವಾರಗಟ್ಟಲೆ ಉತ್ತರ ಬಾರದೆ ಇರಬಹುದು. ಬೈದು ಕಾಮೆಂಟ್ ಹಾಕುವುದು ಮಾತ್ರ ಬೇಡ.

ದೊಡ್ಡ ಕಂಪನಿಗಳಿಗೆ ಪುಕ್ಕಟೆ ದುಡಿಯುವುದೇಕೆ ಎಂಬ ತಕರಾರೂ ಇದೆ. ಅದರಲ್ಲಿ ಅರ್ಧ ನನಗೂ ಒಪ್ಪಿಗೆ. ಇಂಥ ಲೈಬ್ರರಿಗಳಲ್ಲಿ ಬೂಟ್‌ಸ್ಟ್ರಾಪ್ 2011ರಲ್ಲಿ ಟ್ವಿಟರ್‌ನಿಂದ ಬಂತು, ಆ್ಯಂಟ್ ಡಿಸೈನ್ ಚೀನಾದ ಅಲಿಪೇ ಬಳಗದ್ದು. ಆದರೆ ಚಕ್ರ ಯುಐ ಎಂಬ ಇನ್ನೊಂದು ಲೈಬ್ರರಿ ಶುರುಮಾಡಿದ್ದು ನೈಜೀರಿಯಾದ ಸೆಗುನ್ ಅಡೆಬಾಯೊ, 2019ರಲ್ಲಿ. ಸಿಲಿಕಾನ್ ವ್ಯಾಲಿಯ ವಿಳಾಸ ಬೇಕೇಬೇಕು ಅಂತೇನಿಲ್ಲ. ಬರೀ ಅನುವಾದ ಸೇರಿಸುವುದೂ ಒಳ್ಳೆ ಕೆಲಸವೇ. ಆ್ಯಂಟ್ ಡಿಸೈನ್‌ನಲ್ಲಿ ಕನ್ನಡದ ಫೈಲ್ ಆಗಲೇ ಇದೆ, ಯಾರೋ ಪುಣ್ಯಾತ್ಮರು ಕೂತು ಮಾಡಿದ್ದಾರೆ.

ನನ್ನ ಕಣ್ಣು ಈಗ ಡೇಟ್ ಪಿಕರ್‌ಗಳ ಮೇಲೆ. ವಾರದ ಹೆಸರಿನ ಮೊದಲ ಕೋಡನ್ನಷ್ಟೇ ಕತ್ತರಿಸಿ ತೋರಿಸುವ ಕ್ಯಾಲೆಂಡರಿನಲ್ಲಿ ಶುಕ್ರವಾರವೂ ‘ಶ’, ಶನಿವಾರವೂ ‘ಶ’. ‘ಶು’ ಅಂತ ಗುಣಿತ ಸೇರಿಸಿದರೆ ಜಗಳವೇ ಇಲ್ಲ. ಧಾರವಾಡ, ಗದಗ, ಹಾವೇರಿ ಕಡೆಯವರು ಯಾರಾದರೂ ಈ ತರಹದ್ದು ನೋಡಿದ್ದರೆ ಸ್ಕ್ರೀನ್‌ಶಾಟ್ ಕಳಿಸಿ. ಬ್ರೌಸರ್, ಫಾಂಟ್, ಲೈಬ್ರರಿಯ ವರ್ಷನ್ ಬರೆಯುವುದು ಮರೆಯಬೇಡಿ. ಇಶ್ಯೂ ಇಂಗ್ಲಿಷಿನಲ್ಲಿ ಬರೆಯಲು ಹಿಂಜರಿಕೆ ಇದ್ದರೆ ಕೂತು ಬರೆಯೋಣ, ಆದರೆ ಹಾಕುವುದು ನಿಮ್ಮ ಅಕೌಂಟಿನಿಂದಲೇ.