ಬಿರುಕಿನೊಳಗಿನ ಶೇಕಡಾ 8

ಮಳೆ ಸುರಿಯುತ್ತಿರುವಾಗಲೇ ಸ್ಪ್ರಿಂಕ್ಲರ್ ತಿರುಗಿಸಿಕೊಂಡು ಹುಲ್ಲುಹಾಸಿಗೆ ನೀರುಣಿಸಿದ ನಮ್ಮ ವಿಜಯಪುರದ ಆ ಕಚೇರಿಯ ವಿಡಿಯೊವನ್ನು ನೀವೆಲ್ಲ ನೋಡಿ ನಕ್ಕಿದ್ದೀರಿ. ನಗಬಾರದಿತ್ತು. ಅಲ್ಲಿ ನಡೆದದ್ದು ಶುದ್ಧ ವಿಜ್ಞಾನ. ಮಣ್ಣಿನಲ್ಲಿ ಹೂತ ತೇವಾಂಶದ ಸೆನ್ಸರು ಶೇಕಡಾ 8 ಎಂದಿತು, 20ಕ್ಕಿಂತ ಕೆಳಗಿಳಿದರೆ ಮೋಟಾರು ಚಾಲೂ ಆಗಬೇಕೆಂಬುದು ಪೆಟ್ಟಿಗೆಯೊಳಗಿನ ಆಜ್ಞೆ, ಆಯಿತು. ಆಕಾಶದಿಂದ ಬೀಳುತ್ತಿರುವುದೂ ನೀರೇ ಎಂದು ಯಾರೂ ಮೋಟಾರಿಗೆ ಲಿಖಿತವಾಗಿ ತಿಳಿಸಿರಲಿಲ್ಲ.

ನಾನು ಹೋಗಿ ನೋಡಿಬಂದೆ. ಸೆನ್ಸರು ಇದ್ದದ್ದು ಕಂಪೌಂಡಿನ ಮೂಲೆಯಲ್ಲಿ, ಯಾವ ಸ್ಪ್ರಿಂಕ್ಲರಿನ ಹನಿಯೂ ತಲುಪದ, ಹುಲ್ಲೇ ಇಲ್ಲದ ಒಂದು ಮೊಳ ಜಾಗದಲ್ಲಿ. ವೈರು ಅಲ್ಲಿಯವರೆಗೆ ಮಾತ್ರ ಸಾಲಿತಂತೆ. ಎರೆಮಣ್ಣು ಒಣಗಿ ಬಾಯಿ ಬಿಟ್ಟು, ಸೆನ್ಸರಿನ ಕಡ್ಡಿಗಳು ಬೆರಳು ತೂರುವಷ್ಟು ಅಗಲದ ಬಿರುಕಿನಲ್ಲಿ ತೂಗಾಡುತ್ತಿದ್ದವು. ಈ ಬಗೆಯ ಯಂತ್ರ ನೇರವಾಗಿ ನೀರನ್ನು ಅಳೆಯುವುದಿಲ್ಲ. ತನ್ನ ಸುತ್ತ ಇರುವುದರ ಡೈಎಲೆಕ್ಟ್ರಿಕ್ ಸ್ಥಿರಾಂಕವನ್ನು, ಅಂದರೆ ವಿದ್ಯುತ್ ಕ್ಷೇತ್ರದ ಶಕ್ತಿಯನ್ನು ಆ ವಸ್ತು ಎಷ್ಟು ಹಿಡಿದಿಟ್ಟುಕೊಳ್ಳಬಲ್ಲದು ಎಂಬ ಅಂಕಿಯನ್ನು, ಗ್ರಹಿಸಿ ಲೆಕ್ಕ ಕಟ್ಟುತ್ತದೆ. ನೀರಿಗೆ ಅದು ಸುಮಾರು 80, ಒಣಮಣ್ಣಿಗೆ 3ರಿಂದ 5, ಗಾಳಿಗೆ 1. ಆ ಬಡಪಾಯಿ ಬೇಸಿಗೆಯಿಡೀ ಬಿರುಕಿನ ಗಾಳಿಯನ್ನೇ ಅಳೆದು, ಒಣಗಿದೆ ಎಂದು ಪ್ರಾಮಾಣಿಕವಾಗಿ ವರದಿ ಒಪ್ಪಿಸುತ್ತಿತ್ತು. ಆ ಆವರಣದಲ್ಲಿ ಸುಳ್ಳು ಹೇಳದೆ ಇದ್ದದ್ದು ಅದೊಂದೇ ಎಂದು ನನಗೆ ಅನ್ನಿಸಿತು.

20 ಎಂಬ ಗೆರೆಯದು ಬೇರೆ ಕಥೆ. ಮರಳು ಬೆರೆತ ಮಣ್ಣಿಗೆ ಅದು ಸುಭಿಕ್ಷದ ಅಂಕಿ; ಎರೆಮಣ್ಣು ನೀರನ್ನು ಎಷ್ಟು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆಂದರೆ ಅಷ್ಟಕ್ಕೆ ಇಳಿಯುವ ಹೊತ್ತಿಗೆ ಹುಲ್ಲು ಬಾಡಿರುತ್ತದೆ. ಗೆರೆ ಎಳೆದವರ ಚಪ್ಪಲಿಗೆ ನಮ್ಮ ಮಣ್ಣು ಒಮ್ಮೆಯೂ ಮೆತ್ತಿಕೊಂಡಿಲ್ಲ.

ಇದೆಲ್ಲ ನಡೆಯುತ್ತಿರುವುದು ಹಿಂಗಾರಿ ಬಿಳಿಜೋಳದ ಸೀಮೆಯಲ್ಲಿ ಎಂಬುದನ್ನು ನೆನೆದರೆ ರೊಟ್ಟಿ ಗಂಟಲಲ್ಲಿ ನಿಲ್ಲುತ್ತದೆ. ಮಳೆಗಾಲದ ಕೊನೆಗೆ ಮಾಲದಂಡಿ ತಳಿಯ ಜೋಳ ಬಿತ್ತಿದ ಒಣಬೇಸಾಯದ ರೈತ, ಫೆಬ್ರುವರಿ ದಾಟುವವರೆಗೆ ನೆಲದೊಳಗೆ ಉಳಿದ ಹಸಿಯನ್ನೇ ನಂಬಿ ಬೆಳೆ ತೆಗೆಯುತ್ತಾನೆ. ಬಿರುಕು ಬಿಟ್ಟರೆ ಹಸಿ ಹಾರಿಹೋಗುತ್ತದೆಂದು ಎಡೆ ಹೊಡೆದು ಮುಚ್ಚುತ್ತಾನೆ. ಅದೇ ಬಿರುಕಿನಲ್ಲಿ ನಾವು ಸೆನ್ಸರನ್ನು ಇಳಿಬಿಟ್ಟೆವು.

ಕಚೇರಿಯ ಮಾಲಿಗೂ ಊರಕಡೆ ಎರಡು ಎಕರೆ ಎರೆಹೊಲವಿದೆ. "ಕೈಯಾಗ ಹಿಡದ್ರ ಉಂಡಿ ಆಗತೈತ್ರಿ, ನೀರ ಬ್ಯಾಡ ಅಂದೆ. ಉಂಡಿ ಮೊಬೈಲ್‌ನ್ಯಾಗ ಕಾಣಂಗಿಲ್ಲ ಅಂದ್ರು ಸಾಹೇಬ್ರು" ಎಂದು ಹೇಳಿ, ಹುಲ್ಲಿನ ಬುಡದಿಂದ ಮಣ್ಣು ಕೆದರಿ ಹಿಚುಕಿ ನನ್ನ ಅಂಗೈಗೆ ಇಟ್ಟ. ಲಾಡುವಿನಂತಿತ್ತು.

ಹುಲ್ಲುಹಾಸು ಐದು ಗುಂಟೆಯದು. ಅದರ ಮೇಲೆ 5 ಮಿಲಿಮೀಟರ್ ನೀರು ನಿಲ್ಲಿಸಿದರೆ ಸುಮಾರು 2,500 ಲೀಟರ್, ಅಂದರೆ ನಮ್ಮ ಮನೆಯ ಟಾಕಿಯ ಐದು ತುಂಬು. ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನಳ ಬರುತ್ತದೆ, ಅದೂ ನಡುರಾತ್ರಿ. 1651ರಲ್ಲಿ ಮುಹಮ್ಮದ್ ಆದಿಲ್ ಶಾಹ ಕಟ್ಟಿಸಿದ ಬೇಗಂ ತಲಾಬ್‌ನಿಂದ ಮಣ್ಣಿನ ಕೊಳವೆಗಳಲ್ಲಿ ಊರೊಳಗೆ ನೀರು ಹರಿದುಬರುತ್ತಿದ್ದ ನಗರವಿದು. ನಿದ್ದೆಗಣ್ಣಿನಲ್ಲಿ ಕೊಡ ಹಿಡಿದು ನಿಂತ ಹೆಂಗಸರಿಗೆ ಇದನ್ನು ವಿನೋದವಾಗಿ ವಿವರಿಸುವ ಶಕ್ತಿ ನನಗಿಲ್ಲ. ಬೇಸರವಾಗಿದೆ. ಹುಲ್ಲು ಬಾಯಾರಿದೆಯೇ ಎಂದು ಕೇಳಲು ಹಣ ಮಂಜೂರಾಗುತ್ತದೆ; ನಮ್ಮನ್ನು ಕೇಳಲು ಒಬ್ಬನೂ ಓಣಿಗೆ ಕಾಲಿಡುವುದಿಲ್ಲ.

ಆಮೇಲೆ ಮೂರು ದಿನ ಜಡಿಮಳೆ ಹಿಡಿಯಿತು. ಎರೆಮಣ್ಣು ನೀರು ಕುಡಿದು ಉಬ್ಬಿ, ಬಿರುಕು ತಾನಾಗಿಯೇ ಮುಚ್ಚಿ, ಕಡ್ಡಿಗಳನ್ನು ಎರಡೂ ಕಡೆಯಿಂದ ಅವುಚಿ ಹಿಡಿಯಿತು. ಪರದೆಯ ಮೇಲೆ 41 ಮೂಡಿ ಮೋಟಾರು ನಿಂತಿತು. ಮರುವಾರ ಕಡತದಲ್ಲಿ 'ಸೆನ್ಸರ್ ದುರಸ್ತಿ ಪೂರ್ಣಗೊಂಡಿದೆ' ಎಂಬ ಷರಾ ಬಿದ್ದಿತ್ತು, ಅದಕ್ಕೆ ಲಗತ್ತಾಗಿ ಒಂದು ಬಿಲ್ಲು. ಬಿಲ್ಲಿನ ಮೇಲಿದ್ದದ್ದು ಮಳೆಯ ಎರಡನೆಯ ದಿನದ ತಾರೀಖು.