ಕಮಾನಿನ ವಿಷಯ ಆಮೇಲೆ ನೋಡುವ

ಕಳೆದ ಭಾನುವಾರ ಬೆಳಗಿನ ಪೂಜೆ ಮುಗಿದ ಮೇಲೆ ಇಗರ್ಜಿಯ (ಚರ್ಚಿನ) ಹಾಲ್‌ನಲ್ಲಿ ನಮ್ಮ ಶಾಲೆಯ ಹಳೆ ವಿದ್ಯಾರ್ಥಿಗಳ ಮೀಟಿಂಗ್ ಇತ್ತು. ಹತ್ತಕ್ಕೆ ಶುರುವಾದದ್ದು ಮುಗಿಯುವಾಗ ಹನ್ನೆರಡೂವರೆ. ಅದರಲ್ಲಿ ಎರಡು ಗಂಟೆ ಹೋದದ್ದು ಒಂದೇ ವಿಷಯಕ್ಕೆ. ಕಮಾನು.

ಬರುವ ಫೆಬ್ರವರಿಗೆ ಶಾಲೆಗೆ ನೂರು ವರ್ಷ ತುಂಬುತ್ತದೆ. ಅದರ ನೆನಪಿಗೆ ರಸ್ತೆ ಬದಿಯಲ್ಲಿ ಸ್ವಾಗತ ಕಮಾನು ಕಟ್ಟಬೇಕಂತೆ. ಶಿಲೆಕಲ್ಲಿನದ್ದಾ, ಕಾಂಕ್ರೀಟಿನದ್ದಾ? ಮೇಲೆ ಶಿಲುಬೆ ಮಾತ್ರ ಸಾಕಾ, ತೆರೆದ ಪುಸ್ತಕವೂ ಬೇಕಾ? ದಾನಿಗಳ ಹೆಸರು ಎಡಗಡೆ ಕಂಬಕ್ಕಾ, ಬಲಗಡೆ ಕಂಬಕ್ಕಾ? ಕುವೈತ್‌ನಿಂದ ಒಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ದರು, ಅದನ್ನು ಮೈಕಿಗೆ ಹಿಡಿದು ಎಲ್ಲರಿಗೂ ಕೇಳಿಸಿದರು. ಅಂದಾಜು ಖರ್ಚು 4,50,000 ರೂಪಾಯಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಅಲ್ಲಿ ಆಡಬೇಕಾಗಿದ್ದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂತು, ಮನೆಗೆ ಬಂದು ಫೇಸ್‌ಬುಕ್‌ನಲ್ಲಿ ಬರೆಯುವುದು ದೊಡ್ಡ ಧೈರ್ಯವೇನಲ್ಲ, ಗೊತ್ತುಂಟು. ಇನ್ನೊಂದು ವಿಷಯವನ್ನೂ ಮೊದಲೇ ಹೇಳಿಬಿಡುತ್ತೇನೆ. ನಾನು ಇಲೆಕ್ಟ್ರಿಷಿಯನ್. ಕಮಾನು ಆದರೆ ಅದರ ಲೈಟಿಂಗ್ ಕೆಲಸ ಹೆಚ್ಚುಕಮ್ಮಿ ನನಗೇ ಬರುವುದು. ಹಾಗಾಗಿ ಇದು ಹೊಟ್ಟೆಕಿಚ್ಚಿನ ಮಾತಲ್ಲ.

ಮೀಟಿಂಗ್ ಆದ ಎರಡು ದಿನಕ್ಕೆ, ಮಂಗಳವಾರ, ಶಾಲೆಯಿಂದ ಫೋನ್ ಬಂತು. ನಾಲ್ಕನೇ ಕ್ಲಾಸಿನ ಫ್ಯಾನು ತಿರುಗುವುದಿಲ್ಲ, ಸ್ವಲ್ಪ ನೋಡಿ ಹೋಗ್ತೀರಾ ಅಂತ ಹೆಡ್ ಟೀಚರ್ ಕೇಳಿದರು. ಹೋದೆ. ಎಷ್ಟೋ ವರ್ಷದ ನಂತರ, ಯಾವ ಕಾರ್ಯಕ್ರಮವೂ ಇಲ್ಲದ ದಿನ ನಾನು ಆ ಶಾಲೆಯ ಒಳಗೆ ಕಾಲಿಟ್ಟದ್ದು. ಶಾಮಿಯಾನ ಇಲ್ಲ, ಪ್ಲಾಸ್ಟಿಕ್ ಕುರ್ಚಿ ಇಲ್ಲ, ಅತಿಥಿಗಳಿಗೆ ಶಾಲು ಇಲ್ಲ. ಅದೇ ಮುರಕಲ್ಲಿನ ಗೋಡೆ, ಅದೇ ಹಂಚಿನ ಮಾಡು. ಗಂಟೆಯೂ ಅದೇ, ರೈಲು ಹಳಿಯ ತುಂಡು.

ಏಣಿ ಹತ್ತಿ ನೋಡಿದರೆ ಫ್ಯಾನಿನ ಕೆಪಾಸಿಟರ್ ಹೋಗಿತ್ತು. ನೂರು ರೂಪಾಯಿಯೂ ಇಲ್ಲದ ಸಾಮಾನು. "ಯಾವಾಗಿನಿಂದ ಹಾಳಾಗಿದೆ ಟೀಚರ್?" ಅಂತ ಕೇಳಿದೆ. ಏಪ್ರಿಲ್‌ನಿಂದಂತೆ. ಮಳೆಗಾಲ ಬಂತಲ್ವಾ, ಹೇಗೂ ಸೆಕೆ ಇಲ್ಲ ಅಂತ ಬಿಟ್ಟಿದ್ದರಂತೆ. ಕೆಳಗೆ ಏಣಿ ಹಿಡಿದು ನಿಂತ ಹುಡುಗಿ ಕತ್ತು ಮೇಲೆ ಮಾಡಿ, "ಅಂಕಲ್, ಇವತ್ತ ತಿರಗತೈತೇನ್ರಿ?" ಅಂದಳು. ನಾನು ಹೂಂ ಅನ್ನುವಷ್ಟರಲ್ಲಿ ಪಕ್ಕದವಳ ಕೈ ಹಿಡಿದು "ಬಲ, ಪೋಯಿ" (ಬಾ, ಹೋಗುವ) ಅಂತ ತುಳುವಿನಲ್ಲಿ ಹೇಳಿ ಊಟದ ಸಾಲಿಗೆ ಓಡಿದಳು.

ಬಾಗಲಕೋಟೆ ಕಡೆಯವಳು. ಅಪ್ಪ ಗಾರೆ ಕೆಲಸ, ಅಮ್ಮನೂ ಜೊತೆಗೆ. ಹೊಸ ಅಪಾರ್ಟ್‌ಮೆಂಟಿನ ಶೆಡ್‌ನಲ್ಲಿ ವಾಸ.

ನಮ್ಮ ಮೀಟಿಂಗಿನಲ್ಲಿ ಯಾರೂ ಎತ್ತದ ವಿಷಯ ಇದೇ. "ನಮ್ಮ ಶಾಲೆ, ನಮ್ಮ ಶಾಲೆ" ಅಂತ ಎದೆ ತಟ್ಟುವ ನಮ್ಮ ಇಗರ್ಜಿಯ ಕುಟುಂಬಗಳ ಮಕ್ಕಳು ಅಲ್ಲಿ ಎಷ್ಟು ಮಂದಿ ಇದ್ದಾರೆ? ಬೆರಳೆಣಿಕೆ. ನಾನು ಓದುವಾಗ ಒಂದೊಂದು ಕ್ಲಾಸಿಗೂ ಎ, ಬಿ ಅಂತ ಎರಡು ವಿಭಾಗ ಇತ್ತು. ಈಗ ಒಂದರಿಂದ ಏಳರವರೆಗೆ ಒಟ್ಟು ಸೇರಿಸಿದರೆ 80 ಚಿಲ್ಲರೆ ಮಕ್ಕಳು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಘಟ್ಟದ ಮೇಲಿನಿಂದ ಕೆಲಸಕ್ಕೆ ಬಂದವರ ಮಕ್ಕಳು. ಉಳಿದವರು ಸುತ್ತಲಿನ ಬ್ಯಾರಿ (ಕರಾವಳಿಯ ಮುಸ್ಲಿಂ) ಮನೆಗಳವರು, ಬಿಲ್ಲವರು, ಕುಲಾಲರು. ನಮ್ಮವರು? ನಮ್ಮವರ ಮಕ್ಕಳು ಬೆಳಿಗ್ಗೆ ಏಳೂವರೆಗೆ ಹಳದಿ ಬಸ್ಸಿನಲ್ಲಿ ಪೇಟೆಯ ಇಂಗ್ಲಿಷ್ ಮೀಡಿಯಂಗೆ ಹೋಗುತ್ತಾರೆ.

ನನ್ನ ಮಗಳೂ ಅದೇ ಬಸ್ಸಿನಲ್ಲೇ ಹೋಗುವುದು. ಹಾಗಾಗಿ ಮೊದಲ ಕಲ್ಲು ಹೊಡೆಯುವ ಯೋಗ್ಯತೆ ನನಗಿಲ್ಲ. ಕಳಿಸಿದ್ದು ಯಾಕೆ ಅಂತ ಕೇಳಿದರೆ ಎಲ್ಲರೂ ಕೊಡುವ ಉತ್ತರವೇ ನನ್ನದೂ. ಹೆಂಡತಿಗೆ ಹೆದರಿಕೆ, ನನಗೂ ಹೆದರಿಕೆ, ನಾಳೆ ಕೆಲಸ ಸಿಗದಿದ್ದರೆ? ಆ ಹೆದರಿಕೆ ಸುಳ್ಳು ಅಂತ ಹೇಳುವುದಿಲ್ಲ. ಆದರೆ ಮಕ್ಕಳನ್ನು ಕಳಿಸದೆ ಕಮಾನು ಮಾತ್ರ ಕಟ್ಟಿಸುತ್ತೇವೆ ಅಂದರೆ ಅದು ಸ್ವಲ್ಪ ಜಾಸ್ತಿ ಆಯಿತು ಮಾರಾಯ್ರೆ.

ಫ್ಯಾನಿನ ಕೆಲಸ ಮುಗಿಸಿ ಹೊರಟವನನ್ನು ಊಟಕ್ಕೆ ನಿಲ್ಲಿಸಿಕೊಂಡರು. ಅನ್ನ, ಸಾಂಬಾರು, ಮೊಟ್ಟೆ. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಲ್ಲಿ ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವಾರದ ಆರೂ ದಿನ ಮೊಟ್ಟೆ ಉಂಟು. ಬೇಡ ಅನ್ನುವ ಮಕ್ಕಳಿಗೆ ಬಾಳೆಹಣ್ಣು. ಜಗಲಿಯ ತುದಿಯಲ್ಲಿ ಒಂದು ಸಣ್ಣ ಬೆಂಚು. ಅದರ ಮೇಲೆ ಕಾನ್ವೆಂಟಿನ ವಯಸ್ಸಾದ ಸಿಸ್ಟರ್ ಒಬ್ಬರು ಸ್ಟೀಲ್ ಪಾತ್ರೆ ಇಟ್ಟುಕೊಂಡು ಕೂತಿದ್ದರು. ರಿಟೈರ್ ಆಗಿ ತುಂಬಾ ವರ್ಷ ಆಯಿತು. ನನಗೆ ಎರಡನೇ ಕ್ಲಾಸಿನಲ್ಲಿ ಮಗ್ಗಿ ಕಲಿಸಿದವರು, ಕಿವಿ ಹಿಂಡಿದವರೂ ಅವರೇ. ಈಗ ಅವರ ಕೆಲಸ ಒಂದನೇ ಕ್ಲಾಸಿನ ಪುಟಾಣಿಗಳಿಗೆ ಮೊಟ್ಟೆ ಸುಲಿದು ಕೊಡುವುದು. ಬೆರಳು ನಡುಗುತ್ತದೆ. ಮೊಟ್ಟೆಯನ್ನು ಬೆಂಚಿಗೆ ಎರಡು ಸಲ ತಟ್ಟಿ, ಅಂಗೈಯಲ್ಲಿ ಉರುಳಿಸಿ, ಸಿಪ್ಪೆ ಪೂರ್ತಿ ಒಂದೇ ಸಲ ಬರುವ ಹಾಗೆ ತೆಗೆಯುತ್ತಾರೆ. ಒಬ್ಬ ಹುಡುಗ ಮೊಟ್ಟೆ ತಗೊಂಡು "ದೇವ್ ಬರೆಂ ಕರುಂ ಸಿಸ್ಟರ್" ಅಂದ. ದೇವರು ಒಳ್ಳೆಯದು ಮಾಡಲಿ ಅಂತ ಕೊಂಕಣಿಯಲ್ಲಿ. ಅವನ ಮನೆಮಾತು ಬ್ಯಾರಿ. ನನ್ನ ಮಗಳು ಇದನ್ನು ಹೇಳಿದ್ದು ಕೇಳಿ ಎಷ್ಟು ದಿನ ಆಯಿತೋ.

ಎರಡನೇ ಸಲ ಸಾಂಬಾರು ಹಾಕಿಸಿಕೊಳ್ಳುವಾಗ ಟೀಚರ್‌ಗಳ ಕಷ್ಟ ಗೊತ್ತಾಯಿತು. ಅನುದಾನಿತ ಶಾಲೆ ಅಂದರೆ ಸರಕಾರ ಸಂಬಳ ಕೊಡುತ್ತದೆ, ಆಡಳಿತ ಮಂಡಳಿ ಶಾಲೆ ನಡೆಸುತ್ತದೆ ಅಂತ ಎಲ್ಲರ ಲೆಕ್ಕ. ನಿಜ, ಹುದ್ದೆ ಭರ್ತಿ ಆದರೆ. ಆದರೆ 2015ರ ಡಿಸೆಂಬರ್‌ವರೆಗೆ ಖಾಲಿಯಾದ ಹುದ್ದೆ ತುಂಬಲು ಮಾತ್ರ ಅನುಮತಿ ಅನ್ನುವ ನಿಯಮದಲ್ಲೇ ವರ್ಷಗಟ್ಟಲೆ ಕಳೆಯಿತು. ಆಮೇಲೆ ರಿಟೈರ್ ಆದವರ ಕುರ್ಚಿ ಹಾಗೆಯೇ ಉಳಿಯಿತು. ನಮ್ಮ ಶಾಲೆಯಲ್ಲಿ ಸರಕಾರಿ ಸಂಬಳ ಬರುವುದು ಈಗ ಇಬ್ಬರಿಗೆ ಮಾತ್ರ. ಇನ್ನಿಬ್ಬರು ಗೌರವ ಶಿಕ್ಷಕಿಯರು. ಒಬ್ಬೊಬ್ಬರಿಗೂ ತಿಂಗಳಿಗೆ 9,000. ಹೆಸರಲ್ಲಿ ಮಾತ್ರ ಗೌರವ. ನನ್ನ ಜೊತೆ ಕೆಲಸಕ್ಕೆ ಬರುವ ಹುಡುಗ ತಿಂಗಳಿಗೆ ಅದರ ಎರಡರಷ್ಟು ಎಣಿಸುತ್ತಾನೆ, ಅವನು ಎಸೆಸೆಲ್ಸಿ ಪಾಸಾಗಿಲ್ಲ. ಆ ದುಡ್ಡನ್ನು ಶಾಲೆಯ ಸಂಚಾಲಕರಾದ ಫಾದರ್ ಎಲ್ಲಿಂದ ಹೊಂದಿಸುತ್ತಾರೋ ಅವರಿಗೇ ಗೊತ್ತು. ಎರಡು ತಿಂಗಳದ್ದು ಬಾಕಿ ಉಂಟಂತೆ. ಟೀಚರ್ ಇದನ್ನು ದೂರಿನ ಹಾಗೆ ಹೇಳಲಿಲ್ಲ. ಮಳೆ ಬಂತು ಅನ್ನುವ ಹಾಗೆ ಹೇಳಿದರು.

ಲೆಕ್ಕ ಹಾಕಿ. ಇಬ್ಬರಿಗೆ ತಿಂಗಳಿಗೆ 18,000. ವರ್ಷಕ್ಕೆ ಹತ್ತು ತಿಂಗಳು ಅಂದರೆ 1,80,000. ಕಮಾನಿನ ದುಡ್ಡಿನಲ್ಲಿ ಎರಡೂವರೆ ವರ್ಷ ಸಂಬಳ ಆಗುತ್ತದೆ.

ಭಾಷಣ ಮಾಡಿದವರು ಇತಿಹಾಸ ಹೇಳಿದರು. 1870ರಲ್ಲಿ ಕಾರ್ಮೆಲ್ ಸಿಸ್ಟರ್‌ಗಳು ಮಂಗಳೂರಿಗೆ ಬಂದದ್ದು, 1880ರಲ್ಲಿ ಜೆಸ್ವಿತರು ಸಂತ ಅಲೋಶಿಯಸ್ ಕಾಲೇಜು ಶುರು ಮಾಡಿದ್ದು, ಎಲ್ಲ ಬಂತು. ಒಳ್ಳೆಯದೇ. ಆದರೆ ಹಳ್ಳಿ ಕಡೆಯ ಶಾಲೆಗಳು ಬೆಳೆದದ್ದು ಬೇರೆ ಥರ. ಇಗರ್ಜಿ ಪಕ್ಕ ಒಂದು ಮಾಡು ಎಬ್ಬಿಸಿ, ಊರವರೇ ಕಲ್ಲು ಹೊತ್ತು, ಭತ್ತದ ರೂಪದಲ್ಲಿ ವಂತಿಗೆ ಕೊಟ್ಟು ನಡೆಸಿದ್ದು. ನನ್ನ ಅಜ್ಜಿ ಹೇಳುತ್ತಿದ್ದರು, ಅವರ ಅಪ್ಪ ಮೇಸ್ಟ್ರಿಗೆ ವರ್ಷಕ್ಕೆ ಒಂದು ಮುಡಿ (ಹುಲ್ಲಿನಲ್ಲಿ ಕಟ್ಟಿದ ಮೂಟೆ) ಅಕ್ಕಿ ಕೊಡುತ್ತಿದ್ದರಂತೆ. ಅಂದರೆ ಆ ಕಾಲದವರು ಮೊದಲು ಮೇಸ್ಟ್ರ ಹೊಟ್ಟೆ ನೋಡಿದರು. ಕಮಾನು ಅವರ ತಲೆಗೆ ಬಂದಿರಲಿಕ್ಕಿಲ್ಲ.

ಸರಿ, ಮುಂದಿನ ತಿಂಗಳುಗಳ ಕಾರ್ಯಕ್ರಮದ ಪಟ್ಟಿ ವಾಟ್ಸಾಪ್ ಗ್ರೂಪಿಗೆ ಬಂದಿದೆ. ನೂರರ ವರ್ಷ ಅಲ್ವಾ, ಈ ಸಲ ಉದ್ದ ಉಂಟು.

ಮೊದಲು ಬರುವುದು ಮೊಂತಿ ಫೆಸ್ತ್. ಗೊತ್ತಿಲ್ಲದವರಿಗೆ: ಸೆಪ್ಟೆಂಬರ್ 8 ಕನ್ಯಾ ಮರಿಯಮ್ಮನ ಹುಟ್ಟಿದ ದಿನ, ನಮ್ಮ ಕರಾವಳಿಯಲ್ಲಿ ಅದೇ ತೆನೆ ಹಬ್ಬ ಕೂಡ. 1763ರಲ್ಲಿ ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ ಫಾದರ್ ಜೋಕಿಂ ಮಿರಾಂದಾ ಇದನ್ನು ಶುರು ಮಾಡಿದರು ಅಂತ ಹಿರಿಯರು ಹೇಳುತ್ತಾರೆ. ಆಗಸ್ಟ್ 30ರಿಂದ ಒಂಬತ್ತು ದಿನ ಪ್ರಾರ್ಥನೆ. ಮಕ್ಕಳು ದಿನಾ ಹೂ ತಂದು ಬಾಲೆ ಮರಿಯಮ್ಮನ ಮೂರ್ತಿಗೆ ಎರಚುತ್ತಾರೆ. ಹಬ್ಬದ ದಿನ ತೆನೆ ಆಶೀರ್ವಾದ. ಮನೆಗೆ ಒಯ್ದ ತೆನೆಯ ಅಕ್ಕಿಯನ್ನು ಹಾಲಿಗೋ ಪಾಯಸಕ್ಕೋ ಹಾಕಿ ಮನೆಯವರೆಲ್ಲ ಒಟ್ಟಿಗೆ ಕೂತು ಊಟ. ಆ ದಿನ ಮೀನು, ಮಾಂಸ ಇಲ್ಲ. ಬಾಳೆಲೆ ಮೇಲೆ ಬರೀ ತರಕಾರಿ. ವರ್ಷದಲ್ಲಿ ಒಂದು ದಿನ ನಮ್ಮ ಮನೆಗಳಲ್ಲಿ ಹೀಗೆ ಆಗುವುದು, ಅದೂ ದೊಡ್ಡ ಹಬ್ಬಕ್ಕೆ!

ನಾವು ಸಣ್ಣವರಿರುವಾಗ ಬೇಲಿ ಬೇಲಿ ಹುಡುಕಿ ಗೌರಿ ಹೂ, ಕೇಪುಳ, ದಾಸವಾಳ ಕೊಯ್ಯುತ್ತಿದ್ದೆವು. ಬುಟ್ಟಿ ತುಂಬದಿದ್ದರೆ ಬ್ಯಾರಿಗಳ ಮನೆಯ ಅಂಗಳಕ್ಕೂ ನುಗ್ಗುವುದು, ಭಟ್ಟರ ತೋಟಕ್ಕೂ ನುಗ್ಗುವುದು. ಚೌತಿಯೂ ಆಚೀಚೆ ಅದೇ ಹೊತ್ತಿಗೆ ಬರುವುದರಿಂದ ಹೂವಿಗೆ ಪೈಪೋಟಿ. ಈಗ ನಮ್ಮ ಮಕ್ಕಳು ಪೇಟೆಯಿಂದ ತಂದ ಸೇವಂತಿಗೆ ಎರಚುತ್ತಾರೆ. ಬೇಲಿಯ ಹೂ ಯಾರು ತರುತ್ತಾರೆ ಗೊತ್ತಾ? ಶಾಲೆಯ ಆ 80 ಮಕ್ಕಳು. ಬರಲೇಬೇಕು ಅಂತ ಒತ್ತಾಯ ಇಲ್ಲ, ಮನಸ್ಸಿದ್ದವರು ಬರುತ್ತಾರೆ. ಹೋದ ವರ್ಷ ಮೈಕ್ ಸರಿ ಮಾಡಲು ಹೋದಾಗ ನೋಡಿದ್ದೆ, ಸಿಮೆಂಟ್ ಚೀಲದ ತುಂಡಿನಲ್ಲಿ ಕೇಪುಳ ಕಟ್ಟಿಕೊಂಡು ಒಬ್ಬ ಹುಡುಗ ಸಾಲಿನಲ್ಲಿ ನಿಂತಿದ್ದ.

ಆಮೇಲೆ ಪ್ರತಿಭಾ ಕಾರಂಜಿ. ಕ್ಲಸ್ಟರ್ ಮಟ್ಟದ್ದು ಈ ಸಲ ನಮ್ಮಲ್ಲೇ. ಕಂಠಪಾಠ, ಛದ್ಮವೇಷ, ಮಣ್ಣಿನ ಗೊಂಬೆ. ಧಾರ್ಮಿಕ ಪಠಣಕ್ಕೆ ಆರನೇ ಕ್ಲಾಸಿನ ಹುಡುಗನೊಬ್ಬ ಜಗಲಿಯಲ್ಲಿ ಕೂತು ಅರೇಬಿಕ್ ಬಾಯಿಪಾಠ ಮಾಡುತ್ತಿದ್ದ. ಎದುರಿಗೆ ಇಗರ್ಜಿಯ ಗಂಟೆ ಗೋಪುರ. ಗೌರವ ಶಿಕ್ಷಕಿ, ಅವರು ಗೌಡರ ಮನೆಯವರು, ವಾಚ್ ಹಿಡಿದು ಸಮಯ ನೋಡುತ್ತಿದ್ದರು. ಟಿವಿಯಲ್ಲಿ ಗಂಟಲು ಹರಿದುಕೊಳ್ಳುವವರನ್ನು ಒಂದು ದಿನ ತಂದು ಆ ಜಗಲಿಯಲ್ಲಿ ಕೂರಿಸಬೇಕು. ಇರಲಿ.

ನವೆಂಬರ್ 14 ಮಕ್ಕಳ ದಿನ, ಡಿಸೆಂಬರಿನಲ್ಲಿ ಕ್ರೀಡಾಕೂಟ, ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟುವ ಸ್ಪರ್ಧೆ. ಈ ವರ್ಷ ಮಳೆಗೆ ಡೀಸಿ ಸಾಹೇಬರು ಕೊಟ್ಟ ರಜೆ ಸರಿದೂಗಿಸಲು ಶನಿವಾರ ಮಧ್ಯಾಹ್ನವೂ ಕ್ಲಾಸ್. ಜೊತೆಗೆ ಕ್ರಿಸ್ಮಸ್ ರಜೆಗಾಗಿ ದಸರಾ ರಜೆ ಸ್ವಲ್ಪ ಕತ್ತರಿಸುವ ಚರ್ಚೆ. ಅದು ಪ್ರತಿವರ್ಷದ ಹಾಡು.

ವಾರ್ಷಿಕೋತ್ಸವದ ಬಗ್ಗೆ ಮಾತ್ರ ಒಂದು ಮಾತು. ಡ್ಯಾನ್ಸ್ ಕಲಿಸಲು ಪೇಟೆಯಿಂದ ಮಾಸ್ಟರ್ ತರಿಸುವುದು, ಬಾಡಿಗೆಗೆ ಮಿಂಚಿನ ಡ್ರೆಸ್ ತರಿಸುವುದು ಅಂತ ಮೀಟಿಂಗಿನಲ್ಲಿ ಮಾತಾಯಿತು. ದಯವಿಟ್ಟು ಬೇಡ. ಡ್ರೆಸ್ ಬಾಡಿಗೆ ಮಕ್ಕಳ ಮನೆಯವರ ತಲೆಗೇ ಬರುತ್ತದೆ. ಎರಡು ದಿನದ ಕೂಲಿ ಅದಕ್ಕೇ ಹೋಗುತ್ತದೆ ಅಂತ ಆ ಹುಡುಗಿ ಡ್ಯಾನ್ಸಿಗೆ ಸೇರುವುದೇ ಇಲ್ಲ. ಆಮೇಲೆ "ಆ ಮಕ್ಕಳಿಗೆ ಇಂಟರೆಸ್ಟ್ ಇಲ್ಲ" ಅಂತ ನಾವೇ ಹೇಳುವುದು. ಮೇ ತಿಂಗಳ ಬಿಸಿಲಲ್ಲಿ ಸ್ಕೂಟರ್ ಹಾಕಿಕೊಂಡು ಶೆಡ್‌ನಿಂದ ಶೆಡ್‌ಗೆ ಅಲೆದು, ಟಿಸಿ ಇಲ್ಲದ ಮಕ್ಕಳನ್ನೂ ಕರೆದುಕೊಂಡು ಬಂದು ಶಾಲೆಗೆ ಸೇರಿಸಿದವರು ಹೆಡ್ ಟೀಚರ್. ಆ ಮಕ್ಕಳನ್ನು ಸ್ಟೇಜಿನ ಹಿಂದೆ ನಿಲ್ಲಿಸುವುದು ಬೇಡ.

"ಇಂಗ್ಲಿಷ್ ಮೀಡಿಯಂ ಮಾಡಿದರೆ ಎಲ್ಲ ಸರಿ ಹೋಗುತ್ತದೆ" ಅಂತ ಒಬ್ಬರು ಮೀಟಿಂಗಿನಲ್ಲಿ ಹೇಳಿದರು. ಇರಬಹುದು. ಆದರೆ ಆಗ ಫೀಸು ಬರುತ್ತದೆ, ಫೀಸು ಬಂದರೆ ಈಗ ಇರುವ ಮಕ್ಕಳು ಎಲ್ಲಿಗೆ ಹೋಗುತ್ತಾರೆ? ಇದಕ್ಕೆ ಅವರ ಹತ್ತಿರ ಉತ್ತರ ಇರಲಿಲ್ಲ, ನನ್ನ ಹತ್ತಿರವೂ ಇಲ್ಲ.

ನಾನು ಕೇಳುವುದು ಇಷ್ಟೇ. ಮುಂದಿನ ಮೀಟಿಂಗ್ ಸೆಪ್ಟೆಂಬರ್ ಕೊನೆಯ ಭಾನುವಾರ. ಅಷ್ಟರೊಳಗೆ ಎಲ್ಲರೂ ಒಂದು ದಿನ, ಸುಮ್ನೆ ಒಂದು ಮಾಮೂಲಿ ದಿನ, ಮಧ್ಯಾಹ್ನ ಊಟದ ಹೊತ್ತಿಗೆ ಶಾಲೆಗೆ ಹೋಗಿ ಬನ್ನಿ. ಶಾಲು ಹಾಕಿಸಿಕೊಳ್ಳಲು ಅಲ್ಲ. ಬಂದ ಮೇಲೂ ಕಮಾನೇ ಬೇಕು ಅನಿಸಿದರೆ ಲೈಟಿಂಗ್ ನಾನು ಫ್ರೀಯಾಗಿ ಮಾಡಿಕೊಡುತ್ತೇನೆ. ಬಾಕಿ ಇರುವ ಎರಡು ತಿಂಗಳ ಸಂಬಳಕ್ಕೆ ನನ್ನ ಪಾಲು ಫಾದರ್ ಕೈಗೆ ಕೊಟ್ಟು ಬಂದಿದ್ದೇನೆ. ಎಷ್ಟು ಅಂತ ಹೇಳುವುದಿಲ್ಲ, ಹೇಳಿಕೊಳ್ಳುವಷ್ಟು ದೊಡ್ಡದಲ್ಲ.

ಅಂದಹಾಗೆ ಐದನೇ ಕ್ಲಾಸಿನ ಫ್ಯಾನೂ ಹೋಗಿದೆ, ಜಗಲಿಯ ಎರಡು ಟ್ಯೂಬ್‌ಲೈಟ್ ಕೂಡ. ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಹೋಗುತ್ತಿದ್ದೇನೆ. ಸಾಮಾನು ನನ್ನ ಹತ್ತಿರ ಉಂಟು. ಏಣಿ ಹಿಡಿಯಲು ಒಬ್ಬರು ಬೇಕು. ಆ ಹುಡುಗಿ ಹಿಡಿಯುತ್ತಾಳೆ, ಆದರೆ ಒಂದು ಕಣ್ಣು ಊಟದ ಸಾಲಿನ ಮೇಲೆಯೇ ಇರುತ್ತದೆ.